ಚೊಚ್ಚಲ ಕುರಿಯ ಬಾಣಂತನ

ಇತಿಹಾಸವೆಂದರೆ ಅರಸರ ಕಥೆ, ಕಾಳಗಗಳ ಪಟ್ಟಿ ಎಂದು ನಮ್ಮಲ್ಲಿ ಬಹುಜನರ ಎಣಿಕೆ. ಹುನಗುಂದದ ಸೀಮೆಯನ್ನೇ ತೆಗೆದುಕೊಳ್ಳಿರಿ. ಆ ಹೆಸರು ಕೇಳಿದೊಡನೆ ನಿಮಗೆ ಐಹೊಳೆ ನೆನಪಾಗುತ್ತದೆ. ಅಲ್ಲಿಯ ಮೇಗುಟಿಯ ಗುಡಿಯಲ್ಲಿ ಕ್ರಿ. ಶ. 634ರಲ್ಲಿ ರವಿಕೀರ್ತಿ ಬರೆದಿಟ್ಟ ಇಮ್ಮಡಿ ಪುಲಕೇಶಿಯ ಪ್ರಶಸ್ತಿ ನೆನಪಾಗುತ್ತದೆ. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮ ಕಣ್ಣಮುಂದೆ ಬರುತ್ತದೆ. ಮನೆಯ ಹೆಣ್ಣುಮಕ್ಕಳಿಗೆ ಇಳಕಲ್ಲಿನ ಸೀರೆ ನೆನಪಾದೀತು. ಇವೆಲ್ಲವೂ ಹೆಮ್ಮೆಪಡತಕ್ಕ ಸಂಗತಿಗಳೇ ಸರಿ.

ಆದರೆ ಇದೇ ಸೀಮೆಯಲ್ಲಿ ಐಹೊಳೆಯ ಮೊದಲ ಗುಡಿಯ ಬುನಾದಿ ಬೀಳುವುದಕ್ಕೂ ಮುಂಚಿನಿಂದ ಕೈಯಿಂದ ಕೈಗೆ ಬಂದ ಒಂದು ವಿದ್ಯೆಯುಂಟು. ಅದನ್ನು ಯಾವ ಕವಿಯೂ ಕಲ್ಲಿನ ಮೇಲೆ ಬರೆಯಲಿಲ್ಲ. ಅಯ್ಯಾವೊಳೆಯ ಐನೂರ್ವರೆಂಬ ಹೆಸರಾಂತ ವರ್ತಕರು ತಮ್ಮ ವ್ಯಾಪಾರ, ದಾನಗಳ ಶಾಸನಗಳನ್ನು ದಕ್ಷಿಣ ದೇಶದ ತುಂಬ ನಿಲ್ಲಿಸಿದರು. ಈ ವಿದ್ಯೆಯುಳ್ಳವರು ಒಂದು ಗೆರೆಯನ್ನೂ ಕೊರೆಸಲಿಲ್ಲ. ಆ ವಿದ್ಯೆ ಯಾವುದೆಂದರೆ, ಮೊದಲ ಸಲ ಈಯುವ ಕುರಿಯನ್ನೂ ಅದರ ಎಳೆಮರಿಯನ್ನೂ ಬದುಕಿಸಿಕೊಳ್ಳುವುದು. ಇಷ್ಟು ಸಣ್ಣ ಕೆಲಸಕ್ಕೆ ಇತಿಹಾಸವೆಂಬ ದೊಡ್ಡ ಹೆಸರೇ ಎಂದು ನಗಬೇಡಿರಿ. ಈ ಒಣಭೂಮಿಯಲ್ಲಿ ಬರದ ಮೇಲೆ ಬರ ಬಂದರೂ ಸಣ್ಣ ಹಿಡುವಳಿಯ ಮನೆತನಗಳು ನಿರ್ವಂಶವಾಗದೆ ಉಳಿದುದರಲ್ಲಿ ಈ ಸಣ್ಣ ಕೆಲಸದ ಪಾಲು ಎಷ್ಟೆಂಬುದನ್ನು ಮುಂದೆ ನೀವೇ ತೂಗಿ ನೋಡಬಹುದು.

ಮೊದಲು ಇದರ ಪ್ರಾಚೀನತೆಯನ್ನು ನೋಡೋಣ. ಕುರಿಯನ್ನು ಮನುಷ್ಯನು ಪಳಗಿಸಿದ್ದು ಸುಮಾರು 10,000 ವರ್ಷಗಳ ಹಿಂದೆ, ಪಶ್ಚಿಮ ಏಶಿಯಾದಲ್ಲಿ. ಅಲ್ಲಿಂದ ಅದು ಮೆಲ್ಲಮೆಲ್ಲನೆ ನಮ್ಮ ದಖ್ಖನಿನ ಪ್ರಸ್ಥಭೂಮಿಗೆ ಇಳಿದು ಬಂದಿತು. ಹುನಗುಂದಕ್ಕೆ ಪೂರ್ವದಲ್ಲಿ, ಕೃಷ್ಣೆಯ ಆಚೆಗೆ, ಸುರಪುರದ ಸೀಮೆಯ ಬೂದಿಹಾಳದಲ್ಲಿ ಪ್ರಾಚ್ಯಶೋಧಕರಾದ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಅಗೆದು ನೋಡಿದರು. ಅಲ್ಲಿ ಸುಮಾರು 4,000 ವರ್ಷಗಳಿಗೂ ಹಿಂದೆ ಬಾಳಿದ ಪಶುಪಾಲಕರ ಮನೆಗಳ ನೆಲೆ, ದನಗಳನ್ನು ಕೂಡಿಹಾಕುತ್ತಿದ್ದ ದೊಡ್ಡಿ, ಸುಟ್ಟ ಸಗಣಿಯ ಬೂದಿದಿಬ್ಬ ಇವು ಕಂಡುಬಂದವು. ಇಂಥ ನೆಲೆಗಳಲ್ಲಿ ದನದ ಎಲುಬುಗಳೇ ಹೆಚ್ಚು. ಅವುಗಳ ಜೊತೆಗೆ ಆಡುಕುರಿಗಳ ಎಲುಬುಗಳೂ ಸಿಕ್ಕಿವೆ. ಎಂದ ಮೇಲೆ ನಮ್ಮ ಪಕ್ಕದ ನೆಲದಲ್ಲಿ ಕುರಿ ಈದು, ಮರಿಯನ್ನು ಯಾರೋ ಕೈಯಲ್ಲೆತ್ತಿಕೊಂಡು 4,000 ವರ್ಷಗಳಾದರೂ ಆದವು.

ಎಲುಬಿನಂತೆ ಭಾಷೆಯೂ ಒಂದು ಸಾಕ್ಷಿ. ಮನುಷ್ಯರು ಹೆರುತ್ತಾರೆ, ದನಕುರಿಗಳು ಈಯುತ್ತವೆ. ಈ 'ಈಯು' ಎಂಬ ಮಾತು ತಮಿಳಿನಲ್ಲಿ 'ಈನ್' ಆಗಿಯೂ ತೆಲುಗಿನಲ್ಲಿ 'ಈನು' ಆಗಿಯೂ ಇದೆ. ನಮ್ಮ 'ಟಗರು' ಹಳಗನ್ನಡದಲ್ಲಿ 'ತಗರ್', ತಮಿಳಿನಲ್ಲಿ 'ತಕರ್'. ಹೊಸದಾಗಿ ಈದ ಪಶುವಿನ ಮೊದಲ ಹಾಲಿಗೆ ನಾವು 'ಗಿಣ್ಣು' ಎನ್ನುತ್ತೇವೆ, ತೆಲುಗರು 'ಜುನ್ನು' ಎನ್ನುತ್ತಾರೆ. ಅಕ್ಕತಂಗಿಯರು ಬೇರೆ ಬೇರೆ ಮನೆ ಹೂಡಿದರೂ ತವರಿನ ಪಾತ್ರೆಗಳನ್ನು ಬಿಡದಂತೆ, ಈ ಭಾಷೆಗಳು ಕುರಿಹಟ್ಟಿಯ ಮಾತುಗಳನ್ನು ಬಿಟ್ಟಿಲ್ಲ. ನಿತ್ಯದ ಬಳಕೆಯಲ್ಲಿದ್ದುದರಿಂದಲೇ ಅವು ಸವೆಯದೆ ಉಳಿದವು.

ಇನ್ನು ಹುನಗುಂದದ ನೆಲ, ಕಾಲಗಳನ್ನು ಗಮನಿಸಿರಿ. ನದಿಯ ಬದಿಗೆ ಎರೆಯ ಹೊಲ. ಅಮೀನಗಡ, ಐಹೊಳೆಗಳ ಕಡೆಗೆ ಕಲ್ಲುಗುಡ್ಡ ಮತ್ತು ಮಸಾರಿ. ಎರೆಯಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬಿ ಬೆಳೆದರೆ ಗುಡ್ಡದ ಮೇಲೆ ಹುಲ್ಲು, ಮುಳ್ಳುಕಂಟಿ. ಮಳೆ ಕಡಿಮೆ, ಬಂದರೂ ನಂಬಿಗೆಯಿಲ್ಲ. ಇಂಥಲ್ಲಿ ಗುಡ್ಡದ ಹುಲ್ಲನ್ನು ಹಾಲು, ಉಣ್ಣೆ, ಗೊಬ್ಬರ, ರೊಕ್ಕಗಳನ್ನಾಗಿ ಮಾರ್ಪಡಿಸುವ ಪ್ರಾಣಿ ಕುರಿ. ಸುಗ್ಗಿ ತೀರಿದ ಮೇಲೆ ರೈತರು ತಮ್ಮ ಹೊಲಗಳಲ್ಲಿ ಕುರಿ ತರುಬಿಸಿಕೊಳ್ಳುವುದು, ಕುರುಬರಿಗೆ ಕಾಳುಕಡಿ ಕೊಡುವುದು ಇಲ್ಲಿಯ ಹಳೆಯ ಪದ್ಧತಿ. ಅಮೀನಗಡದ ಕುರಿಯ ಸಂತೆ ಇಂದಿಗೂ ಸುತ್ತಿನ ಸೀಮೆಗೆಲ್ಲ ಹೆಸರಾದುದು.

ಆದರೆ ಎಲ್ಲರಿಗೂ ನೂರು ಕುರಿಯ ಹಿಂಡು ಎಲ್ಲಿಂದ ಬರಬೇಕು? ಎರಡೆಕರೆ ಮಸಾರಿಯುಳ್ಳವನ ಮನೆಯಲ್ಲಿ ಮೂರೋ ನಾಲ್ಕೋ ಕುರಿಗಳಿರುತ್ತವೆ. ಅವು ಕೂಡ ಎಷ್ಟೋ ಸಲ ಪಾಲಿನವು. ಉಳ್ಳವರು ಹೆಣ್ಣು ಕುರಿಯನ್ನು ಪಾಲಿಗೆ ಕೊಡುತ್ತಾರೆ; ಸಾಕಿದವನಿಗೆ ಹುಟ್ಟಿದ ಮರಿಗಳಲ್ಲಿ ಪಾಲು. ಇಂಥ ಮನೆಯಲ್ಲಿ ಚೊಚ್ಚಲ ಕುರಿಯ ಮರಿಯೆಂದರೆ ಸ್ವಂತದ್ದೆಂದು ಹೇಳಿಕೊಳ್ಳಬಹುದಾದ ಮೊದಲ ಆಸ್ತಿ. ಅದು ಸತ್ತರೆ ಒಂದು ಜೀವ ಹೋಯಿತೆಂದಷ್ಟೇ ಅಲ್ಲ. ಆ ಮನೆಯ ಗಂಟು ಕಟ್ಟುವ ಕೆಲಸ ಮತ್ತೊಂದು ವರ್ಷ ಹಿಂದೆ ಬಿದ್ದಿತು.

ಕಾಲವೂ ಸುಲಭವಾದುದಲ್ಲ. ಮುಂಗಾರಿನ ಹಸಿರು ತಿಂದು ಬೆದೆಗೆ ಬಂದ ಕುರಿ ಸುಮಾರು 150 ದಿನಗಳಿಗೆ ಈಯುತ್ತದೆ. ಎಂದರೆ ದೀಪಾವಳಿಯ ಆಸುಪಾಸು. ಮನೆಯಂಗಳದಲ್ಲಿ ಸಗಣಿಯ ಹಟ್ಟೆವ್ವನನ್ನು ಕೂಡ್ರಿಸಿ ಹಟ್ಟಿಹಬ್ಬ ಮಾಡುವ ಆ ದಿನಗಳಲ್ಲಿಯೇ ಬಯಲಿನ ಚಳಿ ಮೊದಲಾಗುತ್ತದೆ. ತೊಯ್ದ ಮೈಯ ಎಳೆಮರಿಗೆ ಹಸಿವೂ ಚಳಿಯೂ ಜೊತೆಗೂಡಿದರೆ ಬೇರೆ ಶತ್ರು ಬೇಕಿಲ್ಲ.

ಈ ಸೀಮೆ ಕಂಡ ಬರಗಳನ್ನೂ ನೆನೆಯಬೇಕು. 1791-92ರ ಡೋಗಿ ಬರದಲ್ಲಿ ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂದು ಹಿರಿಯರು ಹೇಳುತ್ತಿದ್ದರು. ಅದಕ್ಕೂ ಭಯಂಕರವಾದುದು 1876ರಿಂದ 1878ರವರೆಗಿನ ಬರ. ಆಗ ಹುನಗುಂದವು ಕಲಾದಗಿ ಜಿಲ್ಹೆಯಲ್ಲಿತ್ತು. ಜಿಲ್ಹೆಯ ಮುಖ್ಯ ಠಾಣೆ ವಿಜಾಪುರಕ್ಕೆ ಹೋದದ್ದು 1885ರಲ್ಲಿ. 1872ರ ಗಣತಿಯಲ್ಲಿ ಆ ಜಿಲ್ಹೆಯ ಜನಸಂಖ್ಯೆ 8 ಲಕ್ಷಕ್ಕೂ ಮಿಕ್ಕಿತ್ತು. 1881ರಲ್ಲಿ ಅದು ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಮನುಷ್ಯರೇ ಹೀಗೆ ಕರಗಿದಾಗ ದನಕುರಿಗಳ ಗತಿಯನ್ನು ಹೇಳಬೇಕಾಗಿಲ್ಲ.

ಆದರೆ ಬರ ಮುಗಿದ ಮೇಲೆ? ನೆಲವಿತ್ತು, ಮಳೆಯೂ ಬಂದಿತು. ಹಿಂಡು ಎಲ್ಲಿಂದ ಬರಬೇಕು? ಇಲ್ಲಿ ಲೆಕ್ಕ ಬಹು ಸರಳ. ಕುರಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಅದು ಹೆಣ್ಣಾಗಬೇಕು, ಬದುಕಬೇಕು, ಬೆಳೆದು ತಾನೂ ಈಯಬೇಕು. ಅದಕ್ಕೆ ಒಂದೂವರೆ ಎರಡು ವರ್ಷ ಹಿಡಿಯುತ್ತದೆ. ಹತ್ತರಲ್ಲಿ ಎರಡು ಕುರಿ ಉಳಿದ ಮನೆಯವರು ಮತ್ತೆ ಹತ್ತು ಮಾಡಿಕೊಳ್ಳಬೇಕಾದರೆ ಅವರ ಕೈಯಲ್ಲಿದ್ದ ಉಪಾಯ ಒಂದೇ: ಹುಟ್ಟಿದ ಒಂದು ಮರಿಯನ್ನೂ ಸಾಯಗೊಡದಿರುವುದು. ಸರಕಾರದ ಗಂಜಿಕೇಂದ್ರಗಳ ಮಾತು ವರದಿಗಳಲ್ಲಿ ಬಂದಿದೆ. ರಾತ್ರಿ ಕಂದೀಲು ಹಿಡಿದು ಕುರಿಯ ಬೆನ್ನ ಹಿಂದೆ ಕುಳಿತವರ ಮಾತು ಎಲ್ಲಿಯೂ ಬಂದಿಲ್ಲ. ಹಿಂಡುಗಳು ಮತ್ತೆ ತುಂಬಿದುವೆಂಬುದೇ ಅವರ ಕೆಲಸಕ್ಕೆ ಸಾಕ್ಷಿ.

ಹಾಗಾದರೆ ಆ ಕೆಲಸವಾದರೂ ಏನು? ಪೇಟೆಯಲ್ಲಿರುವ ನಿಮಗೆ ಇದು ಹೊಸದಾಗಿರಬಹುದು. ಸ್ವಲ್ಪ ವಿವರವಾಗಿಯೇ ಕೇಳಿರಿ.

ಈಯುವ ಹೊತ್ತು ಬಂದ ಕುರಿ ಹಿಂಡನ್ನು ಬಿಟ್ಟು ಒಂದು ಕಡೆಗೆ ಸರಿಯುತ್ತದೆ. ಮುಂಗಾಲಿನಿಂದ ನೆಲ ಕೆರೆಯುತ್ತದೆ. ಮಲಗುತ್ತದೆ, ಏಳುತ್ತದೆ, ಹಿಂದಿರುಗಿ ನೋಡಿಕೊಳ್ಳುತ್ತದೆ. ಎರಡು ಮೂರು ಸಲ ಈದ ಕುರಿಯಾದರೆ ತನ್ನ ಕೆಲಸ ತಾನು ಬಲ್ಲದು. ಚೊಚ್ಚಲಿನದಕ್ಕೆ ತನಗೇನಾಗುತ್ತಿದೆಯೆಂಬುದೇ ತಿಳಿಯದು. ಆಗ ಮನೆಯವರ ಮೊದಲ ಧರ್ಮ ದೂರ ಕುಳಿತು ಸುಮ್ಮನಿರುವುದು. ಮಕ್ಕಳ ಗದ್ದಲ, ನಾಯಿಯ ಓಡಾಟಗಳನ್ನು ತಡೆಯುವುದು. ನೀರಿನ ಚೀಲ ಕಂಡ ಮೇಲೆ ಎರಡು ಮುಂಗಾಲಿನ ಗೊರಸುಗಳೂ ಅವುಗಳ ನಡುವೆ ಮೂತಿಯೂ ಕಂಡರೆ ಎಲ್ಲವೂ ನೆಟ್ಟಗಿದೆ ಎಂದರ್ಥ. ಕಾಲಿಲ್ಲದೆ ತಲೆ ಮಾತ್ರ ಕಂಡರೆ, ಅಥವಾ ಬಾಲವೇ ಮೊದಲು ಕಂಡರೆ, ಅಥವಾ ನೀರು ಒಡೆದು ಒಂದು ತಾಸಾದರೂ ಕೆಲಸ ಮುಂದುವರಿಯದಿದ್ದರೆ, ತಿಳಿದವರನ್ನು ಕರೆಯಬೇಕು. ಇಂದು ಪಶುವೈದ್ಯರಿದ್ದಾರೆ, ಹಿಂದೆ ಊರಲ್ಲೊಬ್ಬ ಕೈಗುಣದ ಮುದುಕಿಯೋ ಕುರುಬರ ಹಿರಿಯನೋ ಇರುತ್ತಿದ್ದರು. ಎಳೆಯಬೇಕಾದರೂ ಕೈ ತೊಳೆದು, ಕುರಿ ತಿಣುಕಿದಾಗ ಮಾತ್ರ, ಕೆಳಮುಖವಾಗಿ, ಮೆಲ್ಲಗೆ ಎಳೆಯಬೇಕು. ಆತುರದ ಕೈ ಎರಡು ಜೀವವನ್ನು ಕಳೆಯುತ್ತದೆ.

ಮರಿ ನೆಲಕ್ಕೆ ಬಿದ್ದೊಡನೆ ಮೂಗು ಬಾಯಿಗಳ ಲೋಳೆಯನ್ನು ಬೆರಳಿನಿಂದ ತೆಗೆಯುತ್ತಾರೆ. ಉಸಿರಾಡದಿದ್ದರೆ ಮೂಗಿನ ಹೊಳ್ಳೆಯಲ್ಲಿ ಹುಲ್ಲುಕಡ್ಡಿ ಆಡಿಸುತ್ತಾರೆ. ಸೀನು ಬಂದರೆ ಉಸಿರೂ ಬಂದಂತೆ. ಹೊಕ್ಕುಳಬಳ್ಳಿಗೆ ಈಗಿನವರು ಅಯೊಡಿನ್ ಹಚ್ಚುತ್ತಾರೆ. ಆಮೇಲೆ ಮರಿಯನ್ನು ಒರಸಿ ಸ್ವಚ್ಛ ಮಾಡಬೇಕೆಂದು ಪೇಟೆಯ ನಮಗೆ ತೋರುವುದು ಸಹಜ. ಆದರೆ ಬಲ್ಲವರು ಹಾಗೆ ಮಾಡುವುದಿಲ್ಲ. ತೊಯ್ದ ಮರಿಯನ್ನು ಹಾಗೆಯೇ ತಾಯಿಯ ಮೂಗಿನ ಮುಂದೆ ಇಡುತ್ತಾರೆ. ಚೊಚ್ಚಲ ತಾಯಿ ಬೆದರಿ ಹಿಂದೆ ಸರಿದೀತು, ಹಾಯಲೂ ಬಂದೀತು. ಆಗ ಮರಿಯ ಮೈಮೇಲಿನ ಲೋಳೆಯನ್ನೇ ತಾಯಿಯ ಬಾಯಿಗೆ ಸವರುತ್ತಾರೆ. ಒಮ್ಮೆ ನೆಕ್ಕಿತೆಂದರೆ ಮತ್ತೆ ಬಿಡುವುದಿಲ್ಲ. ಇಬ್ಬರನ್ನೂ ಒಂದು ಮೂಲೆಯಲ್ಲಿ ಅಡ್ಡಗಟ್ಟಿ, ಬೇರೆ ಕುರಿಗಳು ಬಾರದಂತೆ ಮಾಡಿ, ತಾಯಿಗೆ ನೀರು ಮೇವು ಇಟ್ಟು ಬಿಡುತ್ತಾರೆ. ಮಾಸು ತಾನಾಗಿ ಬೀಳಬೇಕು, ಅದನ್ನು ಜಗ್ಗಬಾರದು.

ಇದರೊಳಗಿನ ಮರ್ಮವನ್ನು ವಿಜ್ಞಾನಿಗಳು ಕಂಡುಕೊಂಡದ್ದು ತೀರ ಈಚೆಗೆ. 1983ರಲ್ಲಿ ಕೇಂಬ್ರಿಜಿನ ಕೆವರ್ನ್ ಎಂಬವರೂ ಫ್ರಾನ್ಸಿನ ಲೆವಿ, ಪೊಯಾಂದ್ರೋ ಮೊದಲಾದವರೂ ಕೂಡಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮರಿ ಹೊರಬರುವಾಗ ಜನನಮಾರ್ಗ ಹಿಗ್ಗುವುದರಿಂದಲೇ ಕುರಿಯಲ್ಲಿ ತಾಯ್ತನದ ಸೆಳೆತ ಏಳುತ್ತದೆಂದು ಅದರಿಂದ ತಿಳಿದುಬಂದಿತು. 1987ರಲ್ಲಿ ಲೆವಿ, ಪೊಯಾಂದ್ರೋ ಇವರು ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟರು. ಹುಟ್ಟಿದ ಮರಿಯ ಮೈಯನ್ನು ತೊಳೆದುಬಿಟ್ಟರೆ ಅನುಭವವುಳ್ಳ ತಾಯಿ ಹೇಗೋ ಒಪ್ಪಿಕೊಂಡೀತು; ಚೊಚ್ಚಲ ತಾಯಿ ಮಾತ್ರ ಮರಿಯನ್ನು ದೂರ ಮಾಡುವ ಸಂಭವವೇ ಹೆಚ್ಚು. ಗರ್ಭಜಲದ ವಾಸನೆಯೇ ಅದಕ್ಕೆ ಮೊದಲ ಪರಿಚಯಪತ್ರ. ಮೊದಲ ಕೆಲವೇ ತಾಸುಗಳಲ್ಲಿ ತಾಯಿ ತನ್ನ ಮರಿಯ ವಾಸನೆಯನ್ನು ಗುರುತು ಹಿಡಿಯುತ್ತದೆ. ಆಮೇಲೆ ಪರರ ಮರಿಯನ್ನು ಹತ್ತಿರ ಸೇರಿಸುವುದಿಲ್ಲ. ಪ್ರಯೋಗಶಾಲೆಯ ಈ ತೀರ್ಪನ್ನು ಕುರಿಹಟ್ಟಿಯ ಅವ್ವ ಕಾಗದವಿಲ್ಲದೆ ಪಾಲಿಸುತ್ತ ಬಂದಿದ್ದಳು.

ಗಿಣ್ಣದ ಮಾತೂ ಹೀಗೆಯೇ. ಬೆಲ್ಲ ಏಲಕ್ಕಿ ಹಾಕಿ ಕಾಯಿಸಿದ ಎಮ್ಮೆಯ ಗಿಣ್ಣವನ್ನು ನೀವೆಲ್ಲ ಸವಿದವರೇ. ಕುರಿಯ ಗಿಣ್ಣಕ್ಕೆ ಮಾತ್ರ ಮನೆಯವರು ಕೈಹಚ್ಚಬಾರದು. ಅದು ಮರಿಯ ಹಕ್ಕು. ಮನುಷ್ಯರ ಕೂಸಿಗೆ ರೋಗ ತಡೆಯುವ ಶಕ್ತಿ ಸ್ವಲ್ಪಮಟ್ಟಿಗೆ ಗರ್ಭದಲ್ಲಿಯೇ ತಾಯಿಯ ರಕ್ತದಿಂದ ಬರುತ್ತದೆ. ಕುರಿಯ ಮರಿಗೆ ಆ ದಾರಿ ಮುಚ್ಚಿದೆ. ಅದು ಬರಿಗೈಯಿಂದ ಹುಟ್ಟುತ್ತದೆ. ಆ ಶಕ್ತಿಯೆಲ್ಲ ಗಿಣ್ಣದಲ್ಲಿದೆ. ಅದನ್ನು ಹೀರಿಕೊಳ್ಳುವ ಗುಣ ಮರಿಯ ಕರುಳಿಗೆ ಇರುವುದು ಸುಮಾರು 24 ತಾಸು ಮಾತ್ರ, ಅದೂ ತಾಸು ತಾಸಿಗೆ ಕಡಿಮೆಯಾಗುತ್ತ ಹೋಗುತ್ತದೆ. ಆದುದರಿಂದ ಎರಡು ತಾಸಿನೊಳಗೆ ಮರಿ ಮೊಲೆಯುಣ್ಣಲೇಬೇಕು. ಮೂರು ಕಿಲೊ ತೂಕದ ಮರಿಗೆ ಮೊದಲ ಕೆಲವು ತಾಸಿನಲ್ಲಿ 150 ಮಿಲಿಲೀಟರಿನಷ್ಟಾದರೂ, ದಿನ ತುಂಬುವುದರೊಳಗೆ 600 ಮಿಲಿಲೀಟರಿನಷ್ಟೂ ಗಿಣ್ಣ ಸಿಗುವುದು ಒಳ್ಳೆಯದು.

ಚೊಚ್ಚಲ ಕುರಿಯ ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಬಿರಡೆಯಿರುತ್ತದೆ. ಎಳೆಮರಿ ಎಷ್ಟು ಚೀಪಿದರೂ ಹಾಲು ಬಾರದೆ ಸೋತು ಮಲಗಿಬಿಡುತ್ತದೆ. ಅದಕ್ಕೆಂದೇ ಮನೆಯವರು ಮೊದಲು ಎರಡೂ ತೊಟ್ಟುಗಳನ್ನು ಹಿಂಡಿ ಒಂದೆರಡು ಧಾರೆ ನೆಲಕ್ಕೆ ಬಿಡುತ್ತಾರೆ. ಕೆಚ್ಚಲು ಮುಟ್ಟಿದರೆ ಕಚಗುಳಿಯಾಗಿ ಒದೆಯುವ ಕುರಿಯನ್ನು ಗೋಡೆಗೆ ಒತ್ತಿ ಹಿಡಿದು, ಮರಿಯ ಬಾಯಿಗೆ ತೊಟ್ಟಿಡುತ್ತಾರೆ. ಮರಿ ತಣ್ಣಗಾಗಿ ತಲೆಯೆತ್ತಲಾರದಿದ್ದರೆ ಬಾಯಲ್ಲಿ ಹಾಲು ಸುರಿಯಬಾರದು. ಅದು ಪುಪ್ಪುಸಕ್ಕೆ ಇಳಿದು ಪ್ರಾಣ ತೆಗೆಯುತ್ತದೆ. ಮೊದಲು ಕಂಬಳಿಯಲ್ಲಿ ಸುತ್ತಿ ಬೆಚ್ಚಗೆ ಮಾಡಬೇಕು. ಚೀಪುವ ಶಕ್ತಿ ಬಂದ ಮೇಲೆ ಹಾಲು. ತಾಯಿಯ ಮೈಯ ಉಣ್ಣೆಯಿಂದಲೇ ನೆಯ್ದ ಕಂಬಳಿ ಮಗುವಿಗೆ ಮೊದಲ ಹಾಸಿಗೆಯಾಗುವುದು ಎಂಥ ಚಂದದ ಋಣ!

ತಾಯಿಯೇ ಸತ್ತರೆ? ಲೋಕದ ನಾನಾ ದೇಶಗಳ ಕುರಿಗಾರರು ಒಂದು ಉಪಾಯ ಬಲ್ಲರು. ಮರಿ ಸತ್ತ ಕುರಿಯ ಬಳಿಗೆ ತಬ್ಬಲಿಯನ್ನು ಒಯ್ದು, ಸತ್ತ ಮರಿಯ ಚರ್ಮವನ್ನೋ ಗರ್ಭದ ಲೋಳೆಯನ್ನೋ ಅದರ ಮೈಗೆ ಹಚ್ಚಿ ತಾಯಿಯನ್ನು ನಂಬಿಸುತ್ತಾರೆ. ಅದಾಗದಿದ್ದರೆ ಆಡಿನ ಹಾಲು, ಇಲ್ಲವೆ ಕೈಹಾಲು. ನಮ್ಮ ಕುರುಬರು ತಮ್ಮನ್ನು ಹಾಲುಮತದವರೆಂದು ಕರೆದುಕೊಳ್ಳುತ್ತಾರೆ. ಅವರ ಆರಾಧ್ಯನಾದ ಬೀರಪ್ಪನು ಡೊಳ್ಳಿನ ಪದಗಳಲ್ಲಿ ಬರುವುದು ತಬ್ಬಲಿ ಕೂಸಾಗಿಯೇ. ಹೆತ್ತವಳಿಂದ ಅಗಲಿದ ಅವನನ್ನು ಅಕ್ಕ ಮಾಯವ್ವ ಸಾಕುತ್ತಾಳೆ. ವಿಜಾಪುರ ಸೀಮೆಯ ಗೋಲಗೇರಿಯಲ್ಲಿ ಗುಡಿಯಿರುವ ವೀರಗೊಲ್ಲಾಳನು ಕುರಿ ಕಾಯುತ್ತಿದ್ದ ಶರಣ. ಕುರಿಯ ಹಿಕ್ಕೆಯನ್ನೇ ಲಿಂಗವೆಂದು ನಂಬಿ ಅದಕ್ಕೆ ಹಾಲೆರೆದನೆಂದು ಕಥೆ. ಹಾಲೂ ತಬ್ಬಲಿಯೂ ಕುರಿಯ ಹಿಕ್ಕೆಯೂ ದೈವದ ಕಥೆಗೆ ಏರಿದ್ದು ಯಾವ ಬಾಳಿನಿಂದ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬರೆದಿಟ್ಟ ಇತಿಹಾಸದಲ್ಲಿ ಮಾತ್ರ ಬೇರೆಯದೇ ನೋಟ. ಮೈಸೂರಿನಲ್ಲಿ 1834ರಿಂದ 1861ರವರೆಗೆ ಕಮಿಶನರರಾಗಿದ್ದ ಮಾರ್ಕ್ ಕಬ್ಬನ್ ಅವರು ಉಣ್ಣೆಯ ತಳಿ ಸುಧಾರಿಸಲೆಂದು ಮೆರಿನೊ ಟಗರುಗಳನ್ನು ತರಿಸಿದರೆಂದು ಗ್ಯಾಝೆಟಿಯರುಗಳು ಹೇಳುತ್ತವೆ. ಟಗರು ಬಂದ ಸಂಗತಿ ಕಾಗದದಲ್ಲಿ ಉಳಿಯಿತು. ಈದ ಕುರಿಯ ಪಕ್ಕದಲ್ಲಿ ನಿದ್ದೆಗೆಟ್ಟವರ ಸಂಗತಿ ಉಳಿಯಲಿಲ್ಲ. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಗಂಡಸರು ಹಿಂಡು ಹೊಡೆದುಕೊಂಡು ಊರೂರು ತಿರುಗುವಾಗ ಎಳೆಮರಿಗಳೂ ಬಾಣಂತಿ ಕುರಿಗಳೂ ಅವರ ಪಾಲಿಗೆ ಬರುತ್ತಿದ್ದುವು.

ಇಂದು ಇದನ್ನು ಏಕೆ ಎತ್ತಿ ಹೇಳಬೇಕಾಗಿದೆ? ಕಾಲ ಬದಲಾಗಿದೆ. 1982ರಲ್ಲಿ ಮುಗಿದ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಕೂಡಲಸಂಗಮವನ್ನು ಮುಟ್ಟಿತು. ನೀರಾವರಿ ಬಂದ ಕಡೆ ಬೀಳುನೆಲ ಕಡಿಮೆಯಾಯಿತು. ದಖ್ಖನಿ ಕುರಿಯ ಒರಟು ಉಣ್ಣೆಗೆ ಬೆಲೆಯಿಲ್ಲದಂತಾಗಿ, ಮಾಂಸಕ್ಕೆಂದು ಯಳಗ, ಕೆಂಗುರಿಗಳಂಥ ಉಣ್ಣೆಯಿಲ್ಲದ ಕುರಿಗಳನ್ನು ಸಾಕುವವರು ಹೆಚ್ಚಿದ್ದಾರೆ. ಆದರೆ ಕುರಿ ಕಡಿಮೆಯಾಗಿಲ್ಲ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಕುರಿಗಳಿದ್ದವು. ಬದಲಾದುದು ಸಾಕುವ ಕೈ. ತಲೆಮಾರಿನಿಂದ ಕುರಿ ಕಂಡವರ ಮಕ್ಕಳು ಶಾಲೆ ಕಲಿತು ಪೇಟೆ ಸೇರಿದ್ದಾರೆ, ಅದು ತಪ್ಪಲ್ಲ. ಅತ್ತ ಎಂದೂ ಕುರಿ ಸಾಕದ ಮನೆಯವರು ಸಾಲ ತೆಗೆದು ನಾಲ್ಕು ಕುರಿ ಕಟ್ಟುತ್ತಾರೆ. ಮೊದಲ ಈತ ಬರುವುದು ಆ ಹೊಸ ಕೈಗೆ. ಕುರಿಯೂ ಚೊಚ್ಚಲು, ಒಡತಿಯೂ ಚೊಚ್ಚಲು! ಸಾಲದ ಕಂತು ತೀರುವುದೋ ಬಿಡುವುದೋ ಆ ಒಂದು ರಾತ್ರಿಯ ಮೇಲೆ ನಿಂತಿರುತ್ತದೆ.

ಆದುದರಿಂದ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಗಳಲ್ಲಿ ಹಳ್ಳಿಯಿಂದ ಬಂದ ಅಜ್ಜಿಯಿರಬಹುದು, ಅತ್ತೆಯಿರಬಹುದು. ಸಂಜೆಯ ರೇಡಿಯೋ ಮುಗಿದ ಮೇಲೆ ಅವರನ್ನು ಕೇಳಿ ನೋಡಿರಿ: ಒಲ್ಲದ ತಾಯಿಯನ್ನು ಒಲಿಸುವುದು ಹೇಗೆ, ಚಳಿ ಹಿಡಿದ ಮರಿಯನ್ನು ಎಬ್ಬಿಸುವುದು ಹೇಗೆ, ಈದ ಕುರಿಗೆ ಏನು ತಿನ್ನಿಸುತ್ತಿದ್ದರು ಎಂದು. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಒಂದು ವಹಿಯಲ್ಲಿ ಬರೆದಿಡಿರಿ. ಪಶುವೈದ್ಯರಿಗೆ ತೋರಿಸಿದರೆ ಅದರಲ್ಲಿ ಸರಿಯಾದುದಾವುದು, ಬಿಡತಕ್ಕದ್ದಾವುದು ಎಂದು ಅವರು ಹೇಳಿಯಾರು. ಮೇಗುಟಿಯ ಶಾಸನವನ್ನು ಓದಲು ಪಂಡಿತರಿದ್ದಾರೆ. ಈ ಶಾಸನ ಬದುಕಿರುವವರ ನೆನಪಿನಲ್ಲಿ ಮಾತ್ರ ಉಂಟು. ಅದನ್ನು ಓದಿಕೊಳ್ಳುವ ಕೆಲಸ ಅವರ ಮನೆಯವರಾದ ನಿಮ್ಮದು.